ಲೋನಿ ಅತ್ತಿಗೆ ಬಿಚ್ಚಿಹಾಕಿದ ಸಿಪಾಯಿ

ನಮ್ಮ ಹಿತ್ತಿಲಿಗೆ ಬಂದವರೆಲ್ಲ ಒಂದು ವಸ್ತುವಿನ ಮುಂದೆ ನಿಂತು ಮೂಗು ಮುಚ್ಚಿಕೊಳ್ಳುತ್ತಾರೆ. ಉದ್ದನೆಯ ಕೋಲು, ಅದರ ತುದಿಗೆ ಮೊಳೆ ಹೊಡೆದು ಕೂರಿಸಿದ ಉಕ್ಕಿನ ಟೋಪಿ. ಗಂಜಳದ ಗುಂಡಿಯಿಂದ ಮೊಗೆದು ದ್ರಾಕ್ಷಿ ಬಳ್ಳಿಗೆ ಹೊಯ್ಯಲು ಅದಕ್ಕಿಂತ ಒಳ್ಳೆಯ ಸೌಟು ಇನ್ನೊಂದಿಲ್ಲ. ಯುದ್ಧ ಮುಗಿದ ಮೇಲೆ ಟೌಬರ್ ಹೊಳೆಯ ಆಚೀಚೆ ಮನೆಮನೆಯಲ್ಲೂ ಇಂಥದೊಂದು ಇತ್ತು. ನಮ್ಮದು ಮಾತ್ರ ಯುದ್ಧ ಮುಗಿಯುವ ಮೊದಲೇ ತಯಾರಾಗಿತ್ತು. ನಮ್ಮಣ್ಣ ಬದುಕಿ ಉಳಿದದ್ದು ಆ ಕೆಲವು ದಿನಗಳ ವ್ಯತ್ಯಾಸದಲ್ಲಿ.

ಅದನ್ನು ಮಾಡಿದವಳು ನನ್ನ ಅತ್ತಿಗೆ ಅಪೊಲೋನಿಯಾ, ಊರಿಗೆಲ್ಲ ಲೋನಿ. ಅವಳನ್ನು ಕೇಳಿದರೆ ಹಳೆಯ ತಗಡು ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ. ಅವಳು ಮೊದಲಿನಿಂದಲೂ ಹಾಗೇ, ಅಳೆದು ಕತ್ತರಿಸಿದಂತೆ ಮಾತು. ನಾನು ಹಾಗಲ್ಲ. ಟ್ರೌಡಲ್‌ಗೆ ಬಾಯಿ ಜೋರು ಎಂದು ಊರು ಆಡಿಕೊಳ್ಳುತ್ತದೆ, ಆಡಿಕೊಳ್ಳಲಿ. ಅವಳು ಹೇಳುವುದಿಲ್ಲ, ಸತ್ತವರು ಹೇಳಲಾರರು, ಇನ್ನು ಹೇಳಬೇಕಾದವಳು ನಾನೇ ತಾನೆ?

ಲೋನಿಯ ತಂದೆ ಕುದುರೆ ಜೀನು ಹೊಲಿಯುವವನು. ಅವಳು ಸೂಜಿ, ಮೇಣದ ದಾರ, ಚರ್ಮದ ವಾಸನೆಯ ನಡುವೆಯೇ ಬೆಳೆದಳು. ಮದುವೆಯಾಗಿ ನಮ್ಮ ಮನೆಗೆ ಬಂದ ಮರುವರ್ಷವೇ ಯುದ್ಧ ಶುರುವಾಯಿತು. ನಮ್ಮಣ್ಣ ಕಿಲಿಯಾನ್‌ನನ್ನು ಕಾಲಾಳು ಪಡೆಗೆ ಎಳೆದುಕೊಂಡರು. ಅವಳನ್ನು ಪಕ್ಕದ ಪಟ್ಟಣದ ಹೊಲಿಗೆ ಷೆಡ್ಡಿಗೆ ಕರೆದರು. ಅಲ್ಲಿ ಸಿಪಾಯಿಗಳ ಬುತ್ತಿಚೀಲ ಹೊಲಿಯುತ್ತಿದ್ದರು. ಆಮೇಲೆ ಗುಡಾರದ ಬಟ್ಟೆ. ಒಬ್ಬೊಬ್ಬ ಸಿಪಾಯಿ ಬೆನ್ನಿಗೆ ಒಂದೊಂದು ಮುಕ್ಕೋನೆ ಬಟ್ಟೆ ಹೊರುತ್ತಾನೆ, ನಾಲ್ಕು ಜನ ತಮ್ಮ ಬಟ್ಟೆಗಳನ್ನು ಅಂಗಿ ಗುಂಡಿಯಂತೆ ಕೂಡಿಸಿ ಜೋಡಿಸಿದರೆ ಒಂದು ಗುಡಾರ. ಮಳೆ ಬಂದರೆ ಅದೇ ಹೊದಿಕೆ, ಗಾಯವಾದರೆ ಅದೇ ಡೋಲಿ, ಸತ್ತರೆ ಅದರಲ್ಲೇ ಸುತ್ತಿ ಹೂಳುವುದು. ಹೀಗೆಂದು ಅವಳಿಗೆ ಹೇಳಿದವನು ರಜೆಯಲ್ಲಿ ಬಂದ ಕಿಲಿಯಾನ್. ಮರುದಿನ ಅವಳು ಕೆಲಸಕ್ಕೆ ಹೋಗುವಾಗ ಕಾಲೆಳೆದುಕೊಂಡು ಹೋದಳು.

ಕಿಲಿಯಾನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನಷ್ಟು ಅಸ್ತವ್ಯಸ್ತದ ಮನುಷ್ಯ ನಮ್ಮ ಕಣಿವೆಯಲ್ಲಿ ಇನ್ನೊಬ್ಬನಿರಲಿಲ್ಲ. ಗುದ್ದಲಿ ತೋಟದಲ್ಲಿ, ಟೋಪಿ ಹೆಂಡದಂಗಡಿಯಲ್ಲಿ, ಕಾಲುಚೀಲ ಒಂದು ಒಲೆ ಮೇಲೆ, ಇನ್ನೊಂದನ್ನು ದೇವರೇ ಬಲ್ಲ. ಅಮ್ಮ ಬೈದು ಬೈದು ಸತ್ತಳು. ಅಂಥವನನ್ನು ಸೈನ್ಯ ತಿದ್ದಿಬಿಟ್ಟಿತ್ತು. ಬ್ಯಾರಕ್ಕಿನಲ್ಲಿ ರಾತ್ರಿ ಮಲಗುವ ಮೊದಲು ಪ್ರತಿಯೊಬ್ಬನೂ ತನ್ನ ಬಟ್ಟೆಯನ್ನು ಸ್ಟೂಲಿನ ಮೇಲೆ ಪೊಟ್ಟಣ ಕಟ್ಟಬೇಕು. ಅಂಗಿ, ಚಡ್ಡಿ, ಷರಾಯಿ ಎಲ್ಲಕ್ಕೂ ಒಂದೇ ಅಗಲದ ಮಡಿಕೆ, ಅಂಚಿಗೆ ಅಂಚು ಕೂಡಬೇಕು, ಮೇಲೆ ಸುರುಳಿ ಸುತ್ತಿದ ಬೆಲ್ಟು, ಬಕ್ಕಲ್ಲು ನಟ್ಟನಡುವೆ, ಕೆಳಗೆ ಬೂಟಿನ ಮೂತಿ ಎರಡೂ ಒಂದೇ ಗೆರೆಯಲ್ಲಿ. ಬೆರಳಿನಷ್ಟು ಸೊಟ್ಟಗಿದ್ದರೆ ಮೇಲಧಿಕಾರಿ ಬಂದು ಒದ್ದು ಬೀಳಿಸಿ, ಇದು ಯಾರ ಪೊಟ್ಟಣ ಎಂದು ಕೂಗುತ್ತಾನೆ. ಯಾರದೋ ಅವನು ನಿದ್ದೆಯಲ್ಲಿದ್ದರೂ ಜಿಗಿದೆದ್ದು, ಹಿಮ್ಮಡಿ ಕೂಡಿಸಿ, ತನ್ನ ಹೆಸರು ಕೂಗಬೇಕು.

ಮೊದಲ ರಜೆಯಲ್ಲಿ ಅವನು ನಮ್ಮ ಮನೆಯಲ್ಲೂ ಪೊಟ್ಟಣ ಕಟ್ಟಿದಾಗ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪ ಹಿಂದಿನ ಯುದ್ಧಕ್ಕೆ ಹೋಗಿ ಬಂದವನು. ತಮಾಷೆಗೆಂದು ಒಂದು ಮಧ್ಯಾಹ್ನ ಆ ಪೊಟ್ಟಣವನ್ನು ಕಾಲಿಂದ ಉರುಳಿಸಿ, ಇದು ಯಾರ ಪೊಟ್ಟಣ ಎಂದು ಗದರಿದ. ಬೆಂಚಿನ ಮೇಲೆ ಸೂಪು ಕುಡಿಯುತ್ತಿದ್ದ ಕಿಲಿಯಾನ್ ಬಟ್ಟಲು ಕೈಬಿಟ್ಟು ನೆಟ್ಟಗೆ ನಿಂತು ತನ್ನ ಹೆಸರು ಕೂಗಿದ. ಸೂಪು ನೆಲದ ಪಾಲಾಯಿತು. ಕೂಗಿದ್ದು ತಾನೇ ಎಂದು ಅವನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನ ಮುಖ ನೋಡಲಾಗಲಿಲ್ಲ. ಅಪ್ಪ ಇನ್ನೊಮ್ಮೆ ಅಂಥ ತಮಾಷೆ ಮಾಡಲಿಲ್ಲ.

ರಷ್ಯಾದಿಂದ ಬಂದ ರಜೆಯಲ್ಲಿ ಅವನ ಕೈ ನಡುಗುತ್ತಿತ್ತು. ಎಷ್ಟು ಸಲ ಮಡಚಿದರೂ ಅಂಚು ಕೂಡುತ್ತಿರಲಿಲ್ಲ, ಕೂಡದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಲೋನಿ ಅವನ ಕೈಯಿಂದ ಅಂಗಿ ತೆಗೆದುಕೊಂಡು ತಾನೇ ಪೊಟ್ಟಣ ಕಟ್ಟಿಟ್ಟಳು. ರಜೆ ಮುಗಿಯುವ ತನಕ ದಿನವೂ ಕಟ್ಟಿದಳು. ಮನುಷ್ಯನನ್ನು ಈ ಸ್ಥಿತಿಗೆ ತಂದವರ ಮನೆ ಹಾಳಾಗ ಎಂದು ಬಾಯಿಬಿಟ್ಟು ಬೈದೆ. ಅಪ್ಪ ಓಡಿಹೋಗಿ ಕಿಟಕಿ ಮುಚ್ಚಿದ.

ಯುದ್ಧದ ಕೊನೆಯ ಏಪ್ರಿಲ್. ಅಮೆರಿಕದವರ ಫಿರಂಗಿ ಸದ್ದು ಗುಡ್ಡದಾಚೆ ಗುಡುಗಿನ ಹಾಗೆ ಕೇಳುತ್ತಿತ್ತು. ಸೈನ್ಯ ಬಿಟ್ಟು ಓಡಿಬಂದ ಸಿಪಾಯಿಯೊಬ್ಬನನ್ನು ಪಕ್ಕದ ಊರಿನ ಲಿಂಡೆನ್ ಮರದಲ್ಲಿ ನಮ್ಮ ಸೈನ್ಯದವರೇ ನೇತುಹಾಕಿದ್ದರು. ಸೊಂಟದಲ್ಲಿ ಊಟದ ಡಬ್ಬಿ ಇನ್ನೂ ಹಾಗೇ ಇತ್ತು, ಗಾಳಿ ಬಂದಾಗ ನೀರಿನ ಕುಪ್ಪಿಗೆ ತಾಗಿ ಸದ್ದು ಮಾಡುತ್ತಿತ್ತು. ಅದನ್ನು ನೋಡಿ ಬಂದ ಸಂಜೆಯೇ ನಮ್ಮ ಹಿತ್ತಿಲ ಬಾಗಿಲಲ್ಲಿ ಕಿಲಿಯಾನ್ ನಿಂತಿದ್ದ.

ಹೇಗೆ ನಿಂತಿದ್ದ ಅಂತೀರಿ? ಮೆರವಣಿಗೆಗೆ ಹೊರಟವನ ಹಾಗೆ. ತಲೆಗೆ ಉಕ್ಕಿನ ಟೋಪಿ, ಬೆನ್ನಿಗೆ ಸುತ್ತಿದ ಗುಡಾರದ ಬಟ್ಟೆ, ಅವರೆಬೀಜದ ಹಾಗೆ ಬಾಗಿದ ಊಟದ ಡಬ್ಬಿ, ಬುತ್ತಿಚೀಲ, ಕುಪ್ಪಿ, ಮಡಚುವ ಸಲಿಕೆ, ವಿಷಗಾಳಿಯ ಮುಖವಾಡವಿಟ್ಟ ಉದ್ದನೆಯ ತಗಡಿನ ಡಬ್ಬಿ. ಕೋವಿಯೊಂದನ್ನು ಮಾತ್ರ ಬಂಡೆ ಸಂದಿಗೆ ಎಸೆದು ಬಂದಿದ್ದ, ಅದಕ್ಕೇ ಪಾಪ ಮಾಡಿದವನ ಮುಖ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಪ್ರಾಣ ಉಳಿಸ್ಕೊಳ್ಳೋಕೆ ಓಡಿಬಂದೋನು ಈ ಅಂಗಡೀನೆಲ್ಲ ಯಾಕೋ ಹೊತ್ಕೊಂಡ್ ಬಂದೆ?" ಎಂದೆ.

"ಎಲ್ಲಾ ನನ್ನ ಹೆಸರಲ್ಲಿ ಕೊಟ್ಟಿರೋದು ಕಣೆ," ಎಂದ. "ಕಳೆದ್ರೆ ಶಿಕ್ಷೆ ಆಗತ್ತೆ."

ಕೇಳಿದಿರಾ? ಸಿಕ್ಕಿದರೆ ಮರಕ್ಕೆ ಹಾಕುತ್ತಾರೆ, ಈ ಮಹಾನುಭಾವನಿಗೆ ಸಲಿಕೆಯ ಚಿಂತೆ. ಆದರೆ ಹೇಳಿದವನ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಹುಡುಕಿಕೊಂಡು ಬರುವವರು ಮೊದಲು ಮನೆಗೇ ಬರುತ್ತಾರೆಂದು ಮಗುವಿಗೂ ಗೊತ್ತಿತ್ತು. ಅಪ್ಪ ಎಲ್ಲವನ್ನೂ ಬಾವಿಗೆ ಹಾಕೋಣ ಎಂದ. ನಾನು ತಿಪ್ಪೆಯಲ್ಲಿ ಹೂಳೋಣ ಎಂದೆ. ಲೋನಿ ಎರಡಕ್ಕೂ ಒಪ್ಪಲಿಲ್ಲ. ಬಾವಿಗೆ ಅವರು ಕೊಕ್ಕೆ ಬಿಡುತ್ತಾರೆ, ತಿಪ್ಪೆಯನ್ನು ಸಂಗೀನಿನಿಂದ ಚುಚ್ಚುತ್ತಾರೆ, ಸುಟ್ಟರೆ ರಬ್ಬರಿನ ನಾತ ಊರಿಗೆಲ್ಲ ಡಂಗುರ ಹೊಡೆಯುತ್ತದೆ. ಮುಚ್ಚಿಟ್ಟದ್ದನ್ನು ಅವರು ಹುಡುಕುತ್ತಾರೆ, ಕೆಲಸ ಮಾಡುತ್ತಿರುವುದನ್ನು ಯಾರೂ ಹುಡುಕುವುದಿಲ್ಲ, ಎಲ್ಲವನ್ನೂ ಕೆಲಸಕ್ಕೆ ಹಚ್ಚಬೇಕು ಎಂದಳು. ಅವಳ ಬಾಯಲ್ಲಿ ಅಷ್ಟುದ್ದದ ಮಾತು ನಾನು ಅದೇ ಮೊದಲು ಕೇಳಿದ್ದು.

ಆರು ವರ್ಷ ಸಿಪಾಯಿಗಳನ್ನು ಹೊಲಿದವಳು ಈಗ ಒಬ್ಬನನ್ನು ಬಿಚ್ಚಲು ಕೂತಳು. ಬುತ್ತಿಚೀಲದ ಹೊಲಿಗೆ ಎಲ್ಲಿಂದ ಎಳೆದರೆ ಬಿಟ್ಟುಕೊಳ್ಳುತ್ತದೆಂದು ಕೈಗೇ ಗೊತ್ತಿತ್ತು. ಅದು ನನ್ನ ಏಪ್ರನ್ನಿನ ಜೇಬಾಯಿತು. ಸಮವಸ್ತ್ರ ಬಿಚ್ಚಿ ಅಕ್ರೋಟಿನ ಸಿಪ್ಪೆಯ ನೀರಲ್ಲಿ ಕುದಿಸಿ ಕಂದು ಮಾಡಿದಳು. ಗುಡಾರದ ಬಟ್ಟೆ ಅಪ್ಪನ ಹುಲ್ಲಿನ ಹಾಸಿಗೆಯ ಒಳಪದರವಾಗಿ ಮಾಯವಾಯಿತು. ಮುಖವಾಡ ಚೂರು ಚೂರಾಗಿ ಪಂಪಿನ ವಾಷರ್ ಆಯಿತು, ಅದರ ಡಬ್ಬಿಯಲ್ಲಿ ಹಸುವಿನ ಕೆಚ್ಚಲಿಗೆ ಸವರುವ ಕೊಬ್ಬು ತುಂಬಿದಳು. ಊಟದ ಡಬ್ಬಿ ಕೋಳಿಗಳ ನೀರಿಗೆ, ಸಲಿಕೆ ಒಲೆಯ ಬೂದಿಗೆ. ಬೂಟಿನ ಉದ್ದ ಕೊಳವೆ ಕತ್ತರಿಸಿ, ಅಡಿಯ ಮೊಳೆಗಳನ್ನೆಲ್ಲ ಕಿತ್ತು, ಅಪ್ಪನ ಕಾಲಿಗೆ ತೊಡಿಸಿದಳು. ಟೋಪಿಯ ಗತಿ ಆಗಲೇ ಹೇಳಿದೆ. ಅದನ್ನು ಗುಂಡಿಯಲ್ಲಿ ಅದ್ದಿ ಎತ್ತಿದ ಮೇಲೆ ಮಹಾರಾಜ ಬಂದರೂ ಮುಟ್ಟುವಂತಿರಲಿಲ್ಲ. ಒಂದೊಂದು ಹೋದಾಗಲೂ ಕಿಲಿಯಾನ್ ಹಲ್ಲು ಕೀಳಿಸಿಕೊಂಡವನ ಹಾಗೆ ಮುಖ ಕಿವುಚುತ್ತಿದ್ದ.

ಕುತ್ತಿಗೆಯ ಗುರುತಿನ ಬಿಲ್ಲೆಯನ್ನು ಮಾತ್ರ ಅವನು ಕೊಡಲಿಲ್ಲ. ಮೊಟ್ಟೆಯಾಕಾರದ ತಗಡು, ನಡುವೆ ಸೀಳು ಸೀಳಾದ ಗೆರೆ, ಮೇಲೆ ಕೆಳಗೆ ಒಂದೇ ಅಕ್ಷರ. ಸಿಪಾಯಿ ಸತ್ತಾಗ ಆ ಗೆರೆಯಲ್ಲಿ ಮುರಿಯುತ್ತಾರೆ. ಅರ್ಧ ಹೆಣದ ಜೊತೆ, ಅರ್ಧ ಕಚೇರಿಗೆ. ಬದುಕಿರುವವನದನ್ನು ಯಾರೂ ಮುರಿಯುವುದಿಲ್ಲ. ಇದೂ ಹೋದರೆ ನಾನು ಯಾರೂ ಅಲ್ಲ ಎಂದು ಅವನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಲೋನಿ ಬಲವಂತ ಮಾಡಲಿಲ್ಲ.

ಅವನನ್ನು ಅಡಗಿಸಿದ್ದು ನೆಲಮಾಳಿಗೆಯ ಕೊನೆಯ ಪೀಪಾಯಿಯಲ್ಲಿ. ನಮ್ಮಲ್ಲಿ ವೈನಿನ ದೊಡ್ಡ ಪೀಪಾಯಿಗಳಿಗೆ ಮುಂದುಗಡೆ ಕೆಳಗೆ ಒಂದು ಪುಟ್ಟ ಬಾಗಿಲಿರುತ್ತದೆ, ಸಪೂರ ಇರುವವರು ನುಸುಳಿ ಒಳಗೆ ಉಜ್ಜಿ ತೊಳೆಯಲು. ಹೊರಗಿನಿಂದ ಅಡ್ಡಪಟ್ಟಿ ಬಿಗಿಯಬೇಕು, ಒಳಗಿದ್ದವನು ತಾನಾಗಿ ಹೊರಬರಲಾರ. ಖಾಲಿ ಪೀಪಾಯಿಗೆ ಗಂಧಕದ ಹೊಗೆ ಹಾಕುವುದು ವಾಡಿಕೆಯಾದ್ದರಿಂದ ಲೋನಿ ಹೊರಗಷ್ಟೇ ಗಂಧಕ ಸುಟ್ಟು ಅಡ್ಡಪಟ್ಟಿಗೆಲ್ಲ ಬಳಿದಿದ್ದಳು. ಮಧ್ಯಾಹ್ನ ಒಮ್ಮೆ ಅವನನ್ನು ಹೊರಗೆ ಬಿಟ್ಟು, ಬಕೆಟ್ಟು ನೀರು ಕೊಟ್ಟು, ಮೈ ತೊಳೆಯಲು ಹೇಳುತ್ತಿದ್ದಳು.

ಅಂಥ ಒಂದು ಮಧ್ಯಾಹ್ನವೇ ಅವರು ಬಂದರು. ಎದೆಯ ಮೇಲೆ ಸರಪಳಿಯಲ್ಲಿ ತಗಡಿನ ಫಲಕ ತೂಗುಹಾಕಿಕೊಂಡ ಮಿಲಿಟರಿ ಪೊಲೀಸರು. ಬೆನ್ನ ಹಿಂದೆ ಜನ ಅವರನ್ನು ಸರಪಳಿ ನಾಯಿಗಳು ಎನ್ನುತ್ತಿದ್ದರು, ಎದುರಿಗೆ ಯಾರೂ ಉಸಿರೆತ್ತುತ್ತಿರಲಿಲ್ಲ. ಮೋಟಾರು ಬೈಕಿನ ಸದ್ದು ಕೇಳಿದ್ದೇ ನಾನು ಕೋಳಿಗಳನ್ನು ಜೋರಾಗಿ ಬೈಯತೊಡಗಿದೆ, ಅದು ನಮ್ಮ ಸನ್ನೆ. ಲೋನಿ ಕೆಳಗೆ ಅಣ್ಣನನ್ನು ಒದ್ದೆ ಮೈಯಲ್ಲೇ ಪೀಪಾಯಿಯೊಳಗೆ ತಳ್ಳಿ ಪಟ್ಟಿ ಬಿಗಿದಳು.

ಹವಾಲ್ದಾರ ರಾಡೆಮಾಕರ್ ಉತ್ತರದ ಕಡೆಯವನು, ಒಣಕಲು ಮೈ, ತಗ್ಗಿದ ದನಿ. ಜೊತೆಗೆ ಇಬ್ಬರು ಸಿಪಾಯಿಗಳು. ಅವನು ಕಿಲಿಯಾನ್‌ನ ಹೆಸರು ಹೇಳಿ, ಎಲ್ಲಿ ಎಂದು ಕೇಳಿದ. ಅಪ್ಪ, ಯುದ್ಧದಲ್ಲಿದ್ದಾನೆ, ನಿಮಗೇ ಗೊತ್ತಿರಬೇಕು ಎಂದ. ಅವರು ಅಟ್ಟ ನೋಡಿದರು, ಬಾವಿಗೆ ಕೊಕ್ಕೆ ಬಿಟ್ಟರು, ತಿಪ್ಪೆ ಚುಚ್ಚಿದರು. ಲೋನಿ ಹೇಳಿದ್ದನ್ನು ಯಾರೋ ಅವರಿಗೂ ಹೇಳಿಕೊಟ್ಟಂತಿತ್ತು. ಒಬ್ಬ ಗಂಜಳದ ಸೌಟನ್ನು ಕಾಲಿಂದ ಸರಿಸಿ ಮೂಗು ಮುಚ್ಚಿಕೊಂಡ. ಹವಾಲ್ದಾರ ಕೋಳಿ ನೀರಿನ ಡಬ್ಬಿಯನ್ನು ಎತ್ತಿ ನೋಡಿದ. ಅಪ್ಪ, ಅದು ಹಿಂದಿನ ಯುದ್ಧದ್ದು, ಫ್ರಾನ್ಸಿನಲ್ಲಿ ನನ್ನ ಜೊತೆಗಿತ್ತು ಎಂದ. ಹವಾಲ್ದಾರ ಅದನ್ನು ಕೆಳಗಿಟ್ಟ.

ಆಮೇಲೆ ನೆಲಮಾಳಿಗೆ. ದೀಪ ಹಿಡಿದು ಲೋನಿ ಮುಂದೆ, ಹಿಂದೆ ಅವರು, ಮೆಟ್ಟಿಲ ಮೇಲೆ ಅಪ್ಪ ಮತ್ತು ನಾನು. ಸಿಪಾಯಿಯೊಬ್ಬ ಕೋವಿಯ ಹಿಡಿಯಿಂದ ಪೀಪಾಯಿಗಳನ್ನು ಒಂದೊಂದಾಗಿ ಬಡಿಯುತ್ತ ಬಂದ. ಕೊನೆಯದರ ಹತ್ತಿರ ಬಂದವನಿಗೆ ಗಂಧಕದ ಘಾಟಿಗೆ ಕೆಮ್ಮು ಹತ್ತಿತು. ನಿನ್ನೆ ಹೊಗೆ ಹಾಕಿದ್ದು, ತೆರೆದರೆ ಕಣ್ಣು ಹೋಗುತ್ತದೆ ಎಂದಳು ಲೋನಿ. ಅವನು ಹಿಂದೆ ಸರಿದ. ಹವಾಲ್ದಾರ ಸಾಕು ಎಂಬಂತೆ ಕೈಯಾಡಿಸಿ ಮೆಟ್ಟಿಲ ಕಡೆ ತಿರುಗಿದ. ನಾನು ಆಗಷ್ಟೇ ಉಸಿರು ಬಿಟ್ಟೆ.

ತಿರುಗಿದವನು ನಿಂತ. ಕಂಬದ ಪಕ್ಕದಲ್ಲಿ ಸ್ಟೂಲು. ಸ್ಟೂಲಿನ ಮೇಲೆ ಅಪ್ಪನ ಹಳೆಯ ಅಂಗಿ, ಷರಾಯಿ, ಬನಿಯನ್ನು, ಎಲ್ಲ ಒಂದೇ ಅಗಲ, ಅಂಚಿಗೆ ಅಂಚು. ಮೇಲೆ ಸುರುಳಿ ಸುತ್ತಿದ ಅಪ್ಪನ ಬೆಲ್ಟು, ಬಕ್ಕಲ್ಲು ನಟ್ಟನಡುವೆ. ಕೆಳಗೆ ಮರದ ಚಪ್ಪಲಿಗಳು, ಮೂತಿ ಎರಡೂ ಒಂದೇ ಗೆರೆಯಲ್ಲಿ.

ಅಯ್ಯೋ ನನ್ನಣ್ಣ. ಮೈ ತೊಳೆಯಲು ಬಟ್ಟೆ ಬಿಚ್ಚಿದವನು ಪೊಟ್ಟಣ ಕಟ್ಟಿದ್ದ. ಸೈನ್ಯದ ಒಂದು ಗುಂಡಿಯನ್ನೂ ಉಳಿಸದೆ ಅಳಿಸಿದ್ದ ಲೋನಿ, ಅದರ ಪಕ್ಕದಲ್ಲೇ ನಿಂತು ಪಟ್ಟಿ ಬಿಗಿದಿದ್ದಳು, ಆದರೂ ನೋಡಿರಲಿಲ್ಲ. ಅವಳ ಕಣ್ಣಿಗೆ ಅದು ಅಷ್ಟು ಒಗ್ಗಿಹೋಗಿತ್ತು.

ಹವಾಲ್ದಾರ ಬಗ್ಗಿ ನೋಡಿದ. ಅಂಚಿನ ಮೇಲೆ ಬೆರಳು ಎಳೆದ. ಇಡೀ ಆಯಸ್ಸನ್ನು ಬ್ಯಾರಕ್ಕಿನಲ್ಲಿ ಕಳೆದವನು, ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎದ್ದು ನಿಂತು, ಬೂಟುಗಾಲಿನಿಂದ ಸ್ಟೂಲನ್ನು ಒದ್ದ. ಬಟ್ಟೆಗಳು ಕಲ್ಲುನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಅಲ್ಲಿಯವರೆಗೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದವನು ಮಾಳಿಗೆಯ ಕಮಾನು ಅದುರುವಂತೆ ಕೂಗಿದ.

"ಇದು ಯಾರ ಪೊಟ್ಟಣ?"

ಅಪ್ಪ ನನ್ನ ತೋಳು ಹಿಡಿದ, ಉಗುರು ನೆಟ್ಟಿತು. ಸೂಪಿನ ಬಟ್ಟಲು ಬಿದ್ದ ಮಧ್ಯಾಹ್ನ ನಮ್ಮಿಬ್ಬರ ಕಣ್ಣ ಮುಂದೆ ಬಂದಿತ್ತು. ಈಗ ಪೀಪಾಯಿಯೊಳಗಿಂದ ಹೆಸರು ಬರುತ್ತದೆ, ಈಗ ಬರುತ್ತದೆ. ಮೈಯೆಲ್ಲ ಕಿವಿಯಾಗಿ ನಿಂತೆ.

"ನಂದು," ಎಂದಳು ಲೋನಿ. ಅವಳೂ ಕೂಗಿಯೇ ಹೇಳಿದಳು. ಕೂಗಿದ್ದು ಹವಾಲ್ದಾರನಿಗಲ್ಲ, ಪೀಪಾಯಿಗೆ.

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವಳು ತಾನು ಬುತ್ತಿಚೀಲ ಹೊಲಿಯುವವಳೆಂದೂ, ಒಂದೇ ಅಗಲಕ್ಕೆ ಮಡಚದಿದ್ದರೆ ಪೆಟ್ಟಿಗೆಗೆ ಹಿಡಿಸುವುದಿಲ್ಲವೆಂದೂ, ಮಾವನ ಬಟ್ಟೆ ಒಗೆಯಲು ತಂದಿದ್ದೆನೆಂದೂ ಹೇಳಿದಳು.

"ಒಗೆಯೋ ಬಟ್ಟೆ ಯಾರಾದ್ರೂ ಮಡಚ್ತಾರೇನಮ್ಮಾ?"

"ನಾನ್ ಮಡಚ್ತೀನಿ."

"ಬೆಲ್ಟ್ ಸುತ್ತಿ ಮೇಲಿಡೋದನ್ನೂ ನಿನ್ನ ಷೆಡ್ಡಲ್ಲೇ ಕಲಿಸಿದ್ರಾ?"

"ಅದನ್ನ ನನ್ನ ಗಂಡ ಕಲಿಸಿದ್ದು. ರಜೇಲಿ ಬಂದಾಗ."

ಹವಾಲ್ದಾರ ಉರುಳಿದ ಸ್ಟೂಲನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಎರಡು ಸಲ ತಟ್ಟಿದ. "ಸರಿ. ತೋರ್ಸು," ಎಂದ.

ಲೋನಿ ದೀಪವನ್ನು ಅವನ ಕೈಗೆ ಕೊಟ್ಟಳು. ಯಾವ ಸಿಪಾಯಿಯೂ ಅವನ ಕೈಗೆ ಹಾಗೆ ದೀಪ ಕೊಟ್ಟಿರಲಾರ. ನೆಲದ ಮೇಲೆ ಮಂಡಿಯೂರಿ ಒಂದೊಂದಾಗಿ ಎತ್ತಿಕೊಂಡಳು. ಷರಾಯಿ ಮೊದಲು, ಮಡಿಕೆಯ ಮೇಲೆ ಮಡಿಕೆ. ಅಂಗಿಯ ತೋಳು ಹಿಂದಕ್ಕೆ, ಕಾಲರು ಒಳಗೆ. ಬನಿಯನ್ನಿನ ಒಂದು ಅಂಚು ಜಾಸ್ತಿ ಬಂತು. ಬಿಚ್ಚಿ ಇನ್ನೊಮ್ಮೆ ಮಡಚಿದಳು. ಆ ಒಂದು ಕ್ಷಣದಲ್ಲಿ ನಾನು ಗೊತ್ತಿದ್ದ ಎಲ್ಲ ಸಂತರನ್ನೂ ಕರೆದೆ. ಅವಳ ಕೈ ಒಂದಿಷ್ಟೂ ನಡುಗಲಿಲ್ಲ. ರಷ್ಯಾದಿಂದ ಬಂದ ಗಂಡನಿಗೆ ಕಟ್ಟಿಕೊಟ್ಟ ಕೈ ಅದು. ಕೊನೆಗೆ ಬೆಲ್ಟು ಸುತ್ತಿ ಮೇಲಿಟ್ಟು, ಚಪ್ಪಲಿಗಳ ಮೂತಿ ಸರಿಮಾಡಿ, ಎದ್ದು ನಿಂತಳು.

ಅವನು ಗೇಣು ಹಾಕಿ ಅಳೆದ. ಬಕ್ಕಲ್ಲನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದ. ಸಿಪಾಯಿಗಳಿಬ್ಬರೂ ಕತ್ತು ಚಾಚಿ ನೋಡುತ್ತಿದ್ದರು.

"ನಿನ್ನ ಗಂಡ ಸಿಕ್ಕಿದ್ರೆ ಮರಕ್ಕೆ ಹಾಕ್ತೀನಿ," ಎಂದ, ಮತ್ತೆ ಅದೇ ತಗ್ಗಿದ ದನಿ. "ನೀನು ಗಂಡ್ಸಾಗಿದ್ರೆ ಕಂಪನೀಗೆ ಸೇರಿಸ್ಕೊತಿದ್ದೆ."

ಹೋಗುವಾಗ ಹೊಗೆಗೆ ಕಟ್ಟಿದ್ದ ಹಂದಿತೊಡೆಯನ್ನು ಇಳಿಸಿಕೊಂಡು ಹೋದರು. ಹೋಗಲಿ, ಹೊಟ್ಟೆ ತುಂಬ ತಿಂದು ಅಜೀರ್ಣವಾಗಲಿ. ಬೈಕಿನ ಸದ್ದು ಸೇತುವೆ ದಾಟಿ, ಗುಡ್ಡ ಹತ್ತಿ, ಪೂರ್ತಿ ಅಡಗುವ ತನಕ ಲೋನಿ ಪಟ್ಟಿಗೆ ಕೈ ಹಚ್ಚಲಿಲ್ಲ. ಆಮೇಲೆ ಬಿಚ್ಚಿದಳು.

ಕಿಲಿಯಾನ್ ಒಳಗೆ ಮಂಡಿಗೆ ಗದ್ದ ಹಚ್ಚಿ ಕೂತಿದ್ದ. ಗದ್ದದ ಮೇಲೆ ರಕ್ತ. ಬಾಯಲ್ಲಿ ಗುರುತಿನ ಬಿಲ್ಲೆ ಕಚ್ಚಿ ಹಿಡಿದಿದ್ದ, ಎಳೆದರೂ ಬಿಡಲಿಲ್ಲ, ಲೋನಿ ಕೆನ್ನೆ ಸವರಿ ಸವರಿ ಬಿಡಿಸಬೇಕಾಯಿತು. ಮುಂದಿನ ಹಲ್ಲೊಂದು ಮುರಿದಿತ್ತು. ತಗಡು ನಡುವಿನ ಗೆರೆಯಲ್ಲಿ ಅರ್ಧ ಬಾಗಿತ್ತು.

"ಬಾಯಿ ತಾನಾಗೇ ತೆರೀತು ಲೋನಿ," ಎಂದ. "ಹೆಸರು ನಾಲಿಗೆ ಮೇಲಿತ್ತು. ಸಿಕ್ಕಿದ್ದನ್ನ ತುರುಕ್ಕೊಂಡೆ." ಆಮೇಲೆ ಅಷ್ಟು ದೊಡ್ಡ ಗಂಡಸು, ಮಗುವಿನ ಹಾಗೆ ಅತ್ತ. ನಾನೂ ಅತ್ತೆ, ಅಪ್ಪನೂ ಅತ್ತ, ಮುಚ್ಚಿಡುವುದೇನಿದೆ.

ಲೋನಿ ಅಳಲಿಲ್ಲ. ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಆಚೆಗೊಮ್ಮೆ ಈಚೆಗೊಮ್ಮೆ ಬಗ್ಗಿಸಿ, ಗೆರೆಯಲ್ಲೇ ಎರಡು ಮಾಡಿದಳು. ಅಪ್ಪ ಶಿಲುಬೆಯ ಗುರುತು ಹಾಕಿಕೊಂಡ. ಸತ್ತವರದನ್ನು ಮಾತ್ರ ಹಾಗೆ ಮುರಿಯುವುದು.

"ಆ ಸಿಪಾಯಿ ಸತ್ತ," ಎಂದಳು. "ನೀನ್ ಮೇಲ್ ಬಾ. ಸೂಪು ಆರ್ತಿದೆ."

ಎರಡೂ ತುಂಡುಗಳನ್ನು ಗಂಜಳದ ಗುಂಡಿಗೆ ಎಸೆದಳು. ಅದಾದ ಸ್ವಲ್ಪ ದಿನಕ್ಕೆ ಅಮೆರಿಕದವರು ಸೇತುವೆ ದಾಟಿ ಬಂದರು. ನಮ್ಮ ಪಾಲಿಗೆ ಯುದ್ಧ ಮುಗಿಯಿತು.

ಸಿಪಾಯಿ ಅಷ್ಟು ಸುಲಭವಾಗಿ ಸಾಯಲಿಲ್ಲ ಅನ್ನಿ. ಕಿಲಿಯಾನ್ ಬಳ್ಳಿ ಸವರಿದ, ಮಕ್ಕಳನ್ನು ಬೆಳೆಸಿದ, ಸಂತೆಯಲ್ಲಿ ಚೌಕಾಸಿ ಮಾಡಿ ಎಲ್ಲರ ತಲೆ ತಿಂದ. ಆದರೆ ಮಲಗುವ ಮೊದಲು ಸ್ಟೂಲಿನ ಮೇಲೆ ಪೊಟ್ಟಣ ಕಟ್ಟದೆ ಇರುತ್ತಿರಲಿಲ್ಲ. ಲೋನಿ ದಿನವೂ ದೀಪ ಆರಿಸುವ ಮುಂಚೆ ಕಾಲ ಹೆಬ್ಬೆರಳಿನಿಂದ ಅದನ್ನು ಸುಮ್ಮನೆ ತಳ್ಳಿ ಕೆಡವುತ್ತಿದ್ದಳು. ಮೊದಲಿಗೆ ಅವನು ಎದ್ದು ಮತ್ತೆ ಕಟ್ಟುತ್ತಿದ್ದ. ವರ್ಷಗಳು ಕಳೆದಂತೆ ಬಿದ್ದದ್ದನ್ನು ಹಾಗೇ ಬಿಟ್ಟು ನಿದ್ದೆ ಹೋಗುವುದನ್ನು ಕಲಿತ. ಅವಳು ಕೆಡವುವ ಸದ್ದು ಕೇಳದಿದ್ದರೆ ನಿದ್ದೆ ಬರುವುದಿಲ್ಲ ಎಂದು ನನ್ನೆದುರಿಗೇ ತಮಾಷೆ ಮಾಡುತ್ತಿದ್ದ.

ಹೋದ ವರ್ಷ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅವನು ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆ ನಾನು ಅವಳ ಜೊತೆಗಿರೋಣವೆಂದು ಹೋದೆ. ಸ್ಟೂಲಿನ ಮೇಲೆ ಅವನ ಅಂಗಿ, ಷರಾಯಿ, ಬನಿಯನ್ನು, ಅಂಚಿಗೆ ಅಂಚು. ಬಕ್ಕಲ್ಲು ನಟ್ಟನಡುವೆ. ಅವಳೇ ಕಟ್ಟಿದ್ದಳು. ಇಷ್ಟು ವರ್ಷ ಕೆಡವಿದವಳಿಗೆ ಇವತ್ತು ಕಾಲು ಬರುತ್ತಿಲ್ಲವೇನೋ ಎಂದುಕೊಂಡು ನಾನೇ ತಳ್ಳಲು ಹೋದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಇರ್ಲಿ ಬಿಡು ಟ್ರೌಡಲ್," ಎಂದಳು. "ಇನ್ನು ಯಾರದು ಅಂತ ಕೇಳೋರು ಯಾರೂ ಬರಲ್ಲ."